ಎರಕವೂ ಬಣ್ಣವೂ: ಗಣಕಯಂತ್ರದ ಒಂದು ಪಾಠ

ಬಿದರಿ ಕೆಲಸದ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ವಿರಳ. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಚಿತ್ತಾರ ಕೊರೆದು ಬೆಳ್ಳಿ ಕೂಡಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರಗಳ ದ್ರಾವಣ ತಗುಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಕದಲ್ಲಿ ಸೇರಿದ್ದು ಪಾತ್ರೆಯೊಡನೆಯೇ ಹೋಗುತ್ತದೆ. ದ್ರಾವಣವಾದರೋ ಕಾರ್ಖಾನೆಯಲ್ಲಿ ಉಳಿದು, ಬಂದ ಪಾತ್ರೆಗಳಿಗೆಲ್ಲ ಬಣ್ಣ ಕೊಡುತ್ತದೆ. ಪ್ರೋಗ್ರಾಂ ಬರೆಯುವವರೂ ಈ ಭೇದವನ್ನು ಅರಿತಿರಬೇಕು.

ನಾವು ಕೆಲವರು ಗೆಳೆಯರು ಸೇರಿ ಊರುಗಳ ಪಟ್ಟಿಯನ್ನು ಕಡತಕ್ಕೆ ಬರೆಯುವ ಒಂದು ಸಣ್ಣ ಸಿ++ ಪ್ರೋಗ್ರಾಂ ಸಿದ್ಧಪಡಿಸಿದೆವು. ಬೀದರ, ಭಾಲ್ಕಿ, ಔರಾದ ಎಂದು ಅಚ್ಚುಕಟ್ಟಾಗಿ ಬರೆದಿದ್ದೆವು. ಕಡತ ತೆರೆದರೆ ಕಂಡದ್ದು ಬರಿಯ ಪ್ರಶ್ನಾರ್ಥಕ ಚಿಹ್ನೆಗಳು! ನಮ್ಮ ಊರು ನಮಗೇ ಗುರುತು ಸಿಗದಂತಾಗಿತ್ತು.

ಕಾರಣವಿಷ್ಟೆ. ಬೇರೆ ಸೂಚನೆ ಇಲ್ಲದಿದ್ದರೆ ವಿಷುಯಲ್ ಸ್ಟುಡಿಯೊದ ಸಿ++ ಕಂಪೈಲರ್, ಸಾಮಾನ್ಯ ಅಕ್ಷರಮಾಲೆಗಳನ್ನು ಆ ಯಂತ್ರದ ಹಳೆಯ ಸಂಕೇತಪಟ್ಟಿಗೆ ಪರಿವರ್ತಿಸುತ್ತದೆ. ವಿಂಡೋಸಿನಲ್ಲಿ ಕನ್ನಡಕ್ಕೆ ಅಂಥ ಹಳೆಯ ಪಟ್ಟಿಯೇ ಇಲ್ಲ. ಯೂನಿಕೋಡ್ ಒಂದೇ ಗತಿ. 1991ರ ಮೊದಲನೆಯ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಸ್ಥಾನವಿದ್ದರೆ ಸಾಲದು, ಬಳಸೆಂದು ಕಂಪೈಲರಿಗೆ ಹೇಳಬೇಕು. ಆ ಮಾತನ್ನು ಹೇಳದಿದ್ದ ತಪ್ಪು ನಮ್ಮದು. ಪ್ರಾಜೆಕ್ಟಿನ ಸೆಟ್ಟಿಂಗಿನಲ್ಲಿ ‘/ಯುಟಿಎಫ್-8’ ಎಂಬ ಆಯ್ಕೆ ಸೇರಿಸಿದೊಡನೆ ಅಕ್ಷರಗಳು ಮರಳಿ ಬಂದವು.

ಮರುದಿನ ಹೊಸ ಪ್ರಾಜೆಕ್ಟ್ ತೆರೆದೆವು. ಪುನಃ ಅದೇ ಪ್ರಶ್ನಾರ್ಥಕಗಳು. ಪ್ರತಿ ಹೊಸ ಪ್ರಾಜೆಕ್ಟೂ ಮೂಲ ಟೆಂಪ್ಲೇಟಿನ ನಕಲಾದುದರಿಂದ ನಮ್ಮ ತಿದ್ದುಪಡಿ ಅದಕ್ಕೆ ತಿಳಿಯದು. ಇದಕ್ಕೆ ಎರಡು ಉಪಾಯಗಳಿವೆ.

ಮೊದಲನೆಯದು ಎರಕದಂತೆ. ಸರಿಪಡಿಸಿದ ಪ್ರಾಜೆಕ್ಟನ್ನೇ ‘ಎಕ್ಸ್‌ಪೋರ್ಟ್ ಟೆಂಪ್ಲೇಟ್’ ಮೂಲಕ ನಮ್ಮದೇ ಟೆಂಪ್ಲೇಟಾಗಿ ಉಳಿಸುವುದು. ಅದರಿಂದ ಹುಟ್ಟುವ ಪ್ರತಿಯೊಂದರಲ್ಲಿಯೂ ಸೆಟ್ಟಿಂಗ್ ಬೆರೆತೇ ಇರುತ್ತದೆ. ಆದರೆ ಟೆಂಪ್ಲೇಟನ್ನು ಮುಂದೆ ತಿದ್ದಿದರೆ, ಮೊದಲೇ ಹುಟ್ಟಿದವು ಬದಲಾಗವು. ಹೊಯ್ದ ಎರಕವನ್ನು ಹಿಂದಕ್ಕೆ ಪಡೆಯಲಾದೀತೆ?

ಎರಡನೆಯದು ದ್ರಾವಣದಂತೆ. ಪ್ರಾಜೆಕ್ಟುಗಳೆಲ್ಲ ಇರುವ ಮೇಲಿನ ಫೋಲ್ಡರಿನಲ್ಲಿ ‘ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್’ ಎಂಬ ಕಡತದಲ್ಲಿ ಸೆಟ್ಟಿಂಗ್ ಬರೆದಿಡುವುದು. 2017ರ ಆವೃತ್ತಿಯಿಂದೀಚೆಗೆ ಈ ಅನುಕೂಲವಿದೆ. ಬಿಲ್ಡ್ ಮಾಡುವಾಗ ವ್ಯವಸ್ಥೆಯು ಪ್ರಾಜೆಕ್ಟಿನ ಫೋಲ್ಡರಿನಿಂದ ಮೇಲಕ್ಕೆ ಹುಡುಕುತ್ತ ಹೋಗಿ, ಮೊದಲು ಸಿಕ್ಕ ಇಂಥ ಕಡತವನ್ನು ಓದಿ ಅಲ್ಲಿಗೇ ನಿಲ್ಲುತ್ತದೆ. ಅದೊಂದನ್ನು ತಿದ್ದಿದರೆ, ಹಳೆಯ ಹೊಸ ಪ್ರಾಜೆಕ್ಟುಗಳೆಲ್ಲ ಮುಂದಿನ ಬಿಲ್ಡಿನಲ್ಲಿ ಬದಲಾಗುತ್ತವೆ. ಆದರೆ ನಡುವೆ ಇನ್ನೊಂದು ಅದೇ ಹೆಸರಿನ ಕಡತವಿದ್ದರೆ ಮೇಲಿನದು ಮರೆಯಾಗುತ್ತದೆ, ಎಚ್ಚರಿಕೆ.

ಹಾಗಾದರೆ ಎರಡನೆಯದೇ ಮೇಲೆಂದು ನಾವೂ ನಂಬಿದ್ದೆವು. ಔರಾದದ ಗೆಳೆಯನೊಬ್ಬ ತನ್ನ ಪ್ರಾಜೆಕ್ಟಿನ ಫೋಲ್ಡರನ್ನಷ್ಟೇ ಪೆನ್ ಡ್ರೈವಿನಲ್ಲಿ ಊರಿಗೆ ಒಯ್ದ. ಮೇಲಿನ ಫೋಲ್ಡರಿನ ಕಡತ ಬೀದರಿನಲ್ಲಿಯೇ ಉಳಿಯಿತು. ಊರಿನಲ್ಲಿ ಬಿಲ್ಡ್ ಮಾಡಿದಾಗ ಔರಾದವೆಂಬ ಹೆಸರು ಔರಾದದಲ್ಲಿಯೇ ಕಾಣದಾಯಿತು!

ಆದುದರಿಂದ ನಾವು ಕಲಿತದ್ದು ಇದು. ಎಲ್ಲರಿಗೂ ಸಮಾನವಾಗಿ, ಆಗಾಗ ಬದಲಾಗುವ ಅನುಕೂಲಗಳನ್ನು ಮೇಲಿನ ಕಡತದಲ್ಲಿಡಬಹುದು. ಯಾವುದಿಲ್ಲದಿದ್ದರೆ ಫಲಿತಾಂಶವೇ ಕೆಡುವುದೋ ಅದನ್ನು ಪ್ರಾಜೆಕ್ಟಿನ ಒಳಗೇ ಬೆರೆಸಬೇಕು. ಬಣ್ಣವನ್ನು ಕಾರ್ಖಾನೆಯಲ್ಲಿ ಪಡೆಯಬಹುದು; ಆದರೆ ನುಡಿಯು ಎರಕದಲ್ಲಿಯೇ ಇರತಕ್ಕದ್ದು.