ಕಡಲು ಕೊಟ್ಟರೆ ಸಾಲದು, ಹೊಳೆಯೂ ಬಿಡಬೇಕು

ಹೆದ್ದಾರಿ 66ರಿಂದ ಮಾದನಗೇರಿಯ ಬಳಿ ಗೋಕರ್ಣದ ಕಡೆ ತಿರುಗುವ ವಾಹನಗಳು ದಾರಿಯಲ್ಲಿ ಸಿಗುವ ಸಾಣಿಕಟ್ಟಾದಲ್ಲಿ ನಿಲ್ಲುವುದು ಕಡಿಮೆ. ಮಹಾಬಲೇಶ್ವರನ ದರ್ಶನ, ಕುಡ್ಲೆ, ಓಂ ಬೀಚು ಎಂಬ ಪಟ್ಟಿ ಹೊರಡುವ ಮೊದಲೇ ಸಿದ್ಧವಾಗಿರುತ್ತದೆ. ಕುಮಟಾ ಸೀಮೆಯನ್ನು ಪರಿಚಯಿಸುವ ಬರಹಗಳೂ ಬಹುಪಾಲು ಅದೇ ಪಟ್ಟಿಯನ್ನು ಒಪ್ಪಿಸಿ ಸುಮ್ಮನಾಗುತ್ತವೆ. ಆದರೆ ಮರಳು, ಅಲೆ, ಸೂರ್ಯಾಸ್ತಗಳು ಕಾರವಾರದಿಂದ ಉಳ್ಳಾಲದವರೆಗೆ ಯಾವ ಊರಿಗೆ ತಾನೇ ಇಲ್ಲ? ಈ ಸೀಮೆಗೇ ಸೇರಿದ್ದು ಯಾವುದು ಎಂದು ಕೇಳಿದರೆ, ರಸ್ತೆಯ ಮಗ್ಗುಲಲ್ಲೇ ಹರಡಿಕೊಂಡಿರುವ ಉಪ್ಪಿನ ಆಗರಗಳ ಕಡೆಗೆ ಕೈ ತೋರಿಸಬೇಕಾಗುತ್ತದೆ. ಅಲ್ಲಿ ಉಪ್ಪು ಏಳುವುದಕ್ಕೆ ಅರಬ್ಬೀ ಸಮುದ್ರ ಎಷ್ಟು ಕಾರಣವೋ, ಅಣೆಕಟ್ಟು ಕಾಣದ ಅಘನಾಶಿನಿಯೂ ಅಷ್ಟೇ ಕಾರಣ. ಆ ಹೊಳೆಯನ್ನು ಬಿಟ್ಟು ಈ ಕರಾವಳಿಯನ್ನು ಪರಿಚಯಿಸಿದರೆ ಪರಿಚಯ ಅರ್ಧಕ್ಕೇ ನಿಂತಂತೆ.

ಕೆಲಸದ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಸಾಂದ್ರತೆ ಅಳೆಯುವ ಬೋಮೆ ಮಾಪಕವನ್ನು ಅದರಲ್ಲಿ ಇಳಿಬಿಟ್ಟರೆ 3 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಹರಳು ಕಟ್ಟಬೇಕಾದರೆ ಅದು 25ರ ಹತ್ತಿರ ಬರಬೇಕು. ಅಂದರೆ ಹತ್ತು ಪಾಲು ನೀರಿನಲ್ಲಿ ಒಂಬತ್ತು ಪಾಲು ಆವಿಯಾಗಿ ಹೋಗಿರಬೇಕು. ಅದಕ್ಕೇ ಭರತದಲ್ಲಿ ಒಳಗೆ ಬಂದ ನೀರನ್ನು ಒಂದೇ ಕಡೆ ನಿಲ್ಲಿಸುವುದಿಲ್ಲ. ದೊಡ್ಡ ಕೊಳದಿಂದ ಆಳ ಕಡಿಮೆಯಿರುವ ಪಾತಿಗೆ, ಅಲ್ಲಿಂದ ಹರಳು ಕಟ್ಟುವ ಪಾತಿಗೆ ದಾಟಿಸುತ್ತ ಹೋಗುತ್ತಾರೆ. ಕೊನೆಯ ಪಾತಿಯ ತಳದ ಜೇಡಿಮಣ್ಣನ್ನು ತುಳಿದು ತುಳಿದು ನೀರು ಇಂಗದಷ್ಟು ಗಟ್ಟಿ ಮಾಡಿರುತ್ತಾರೆ. ಅಲ್ಲಿಗೆ ಬರುವಷ್ಟರಲ್ಲಿ ಜಿಪ್ಸಂ ಹಿಂದಿನ ಪಾತಿಗಳಲ್ಲೇ ಇಳಿದುಬಿಟ್ಟಿರುತ್ತದೆ. ಹಾಗೆಂದು ಬಿಸಿಲಿಗೆ ಬಿಟ್ಟು ಮರೆಯುವಂತೆಯೂ ಇಲ್ಲ. ಮಾಪಕ 30 ಡಿಗ್ರಿ ದಾಟಿತೆಂದರೆ ಮೆಗ್ನೀಸಿಯಂ ಲವಣಗಳು ಸೇರಿಕೊಂಡು ಉಪ್ಪು ಕಹಿಯಾಗುತ್ತದೆ. ಆ ನೀರನ್ನು ಸಕಾಲಕ್ಕೆ ಹೊರಗೆ ಬಿಟ್ಟು, ಉದ್ದ ಹಿಡಿಯ ಹಲಗೆಯಿಂದ ಹರಳನ್ನು ಬದುವಿಗೆ ಎಳೆದು ಗುಡ್ಡೆ ಹಾಕುವುದರಲ್ಲೇ ಕಸುಬಿನ ಜಾಣ್ಮೆ ಇದೆ. ತಲೆಮಾರುಗಳಿಂದ ಈ ಭಾಗದ ಆಗೇರ ಸಮುದಾಯದವರು ಇದನ್ನು ಬಲ್ಲರು. ನಾಗರಬೈಲಿನ ಉಪ್ಪು ಮಾಲೀಕರ ಸಹಕಾರಿ ಸಂಘದ ಹೆಸರಿನಲ್ಲಿ ಆಗರಗಳು ಇಂದಿಗೂ ಒಟ್ಟಾಗಿ ಉಳಿದಿವೆ.

ಇನ್ನು ಹೊಳೆಯ ಪಾತ್ರ. ಮಳೆಗಾಲದಲ್ಲಿ ಅಘನಾಶಿನಿಯ ಅಳಿವೆ ಹೆಚ್ಚುಕಡಿಮೆ ಸಿಹಿನೀರೇ. ಮಳೆ ಹಿಂದೆ ಸರಿದು ಹೊಳೆ ಬಡವಾದಂತೆ ಭರತದ ನೀರು ಮೇಲೇರುತ್ತದೆ, ಬೇಸಿಗೆಯ ಹೊತ್ತಿಗೆ ಅಳಿವೆ ಉಪ್ಪಾಗುತ್ತದೆ. ಸಿಹಿ ಮತ್ತು ಉಪ್ಪಿನ ಈ ಸರದಿಯ ಮೇಲೆ ಆಗರ ಮಾತ್ರವಲ್ಲ, ಗಜನಿ ಎಂದು ಕರೆಯುವ ಸುತ್ತಲಿನ ಅಳಿವೆಯಂಚಿನ ಗದ್ದೆಗಳೂ ನಿಂತಿವೆ. ಮಾಣಿಕಟ್ಟಾದ ಕಡೆ ಮಳೆಗಾಲದಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ತೂಬು ತೆರೆದರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಇಳಿತದ ಹೊತ್ತಿಗೆ ಹೊಳೆಯಲ್ಲಿ ಚಿಪ್ಪೆಕಲ್ಲು ಆರಿಸುವವರ ಬದುಕೂ ಇದರಿಂದಲೇ. ಈ ಸರದಿಯ ಮಾತನ್ನು ಭಾವುಕತೆ ಎನ್ನುವವರು ಪಕ್ಕದ ಹೊನ್ನಾವರವನ್ನು ನೋಡಬಹುದು. ಅಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯತೊಡಗಿದ್ದರಿಂದ ಅಳಿವೆಯ ಉಪ್ಪಂಶ ತಗ್ಗಿ ಚಿಪ್ಪುಜೀವಿಗಳು ಕ್ಷೀಣಿಸಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ನಾಡಿಗೆ ವಿದ್ಯುತ್ ಬೇಕಿತ್ತು, ಸರಿ. ಅದರ ಬೆಲೆಯನ್ನು ಅಳಿವೆ ತೆತ್ತಿತು ಎಂಬುದೂ ಅಷ್ಟೇ ಸರಿ. ಅಘನಾಶಿನಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಮನ್ನಣೆಯ ಹಿಂದೆ ಇರುವುದೂ ಇದೇ ಸರದಿಯ ಮೇಲೆ ನಿಂತ ಜೀವಜಾಲ ಮತ್ತು ಬದುಕು.

ಆದರೂ ಆಕ್ಷೇಪಗಳಿವೆ, ತಳ್ಳಿಹಾಕುವಂಥವಲ್ಲ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರುವುದು ಗುಜರಾತಿನಿಂದ. ಅಲ್ಲಿ ಮಳೆ ಕಡಿಮೆ, ಬಯಲು ವಿಶಾಲ, ಹಂಗಾಮು ದೀರ್ಘ. ಇಲ್ಲಿ ಕೆಲಸಕ್ಕೆ ಸಿಗುವುದು ಬೇಸಿಗೆಯ ಕೆಲವೇ ತಿಂಗಳು; ಒಂದು ಅಕಾಲಿಕ ಮಳೆ ಬಂದರೆ ಪಾತಿಯಲ್ಲಿದ್ದದ್ದು ಕರಗಿ ಹೋಯಿತು. ಬೆಲೆಯಲ್ಲಿ ಸಾಣಿಕಟ್ಟಾ ಗುಜರಾತಿನ ಎದುರು ನಿಲ್ಲಲಾರದು, ನಿಲ್ಲಬೇಕೆಂದು ವಾದಿಸುವುದೂ ವ್ಯರ್ಥ. ಈ ಉಪ್ಪಿನ ಖನಿಜಾಂಶಗಳನ್ನು ಹೊಗಳಿ ಔಷಧದಂತೆ ಮಾರುವ ಉತ್ಸಾಹಿಗಳ ಮಾತನ್ನೂ ನಂಬಬೇಕಿಲ್ಲ. ಚಿಟಿಕೆ ಉಪ್ಪಿನಲ್ಲಿ ಸಿಗುವ ಖನಿಜ ಲೆಕ್ಕಕ್ಕೆ ಬಾರದಷ್ಟು. ದೇಹಕ್ಕೆ ಬೇಕಾದ ಅಯೋಡಿನ್ ವಿಷಯದಲ್ಲಿ, ತಿನ್ನುವ ಉಪ್ಪಿಗೆ ಅದನ್ನು ಸೇರಿಸಬೇಕೆಂಬ ಸರ್ಕಾರದ ನಿಯಮವೇ ಸರಿ. ಆಗರದ ಬೆಲೆಯನ್ನು ಟನ್ನಿನಲ್ಲಿ ಮಾತ್ರ ಅಳೆದಾಗ ಈ ವಾದಗಳು ಗೆಲ್ಲುತ್ತವೆ. ಆದರೆ ಭರತ-ಇಳಿತಕ್ಕೆ ಹೊಂದಿಕೊಂಡ ಒಡ್ಡು, ತೂಬು, ಗದ್ದೆಗಳ ಇಡೀ ಏರ್ಪಾಟಿನಲ್ಲಿ ಆಗರವೂ ಒಂದು ಅಂಗ ಎಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಬರೀ ಕೆಸರು ನೋಡಲು ಯಾರು ಬರುತ್ತಾರೆ, ಬಂದರೆ ಬೀಚಿಗೆ ಆದ ಗತಿಯೇ ಇದಕ್ಕೂ ಆಗುವುದಿಲ್ಲವೇ ಎಂಬ ಪ್ರಶ್ನೆಯೂ ಇದೆ. ಮೊದಲನೆಯದಕ್ಕೆ, ಕೆಲಸ ನಡೆಯುವ ಬೇಸಿಗೆಯಲ್ಲಿ ಬಂದವರಿಗೆ ಕೆಸರಷ್ಟೇ ಕಾಣುವುದಿಲ್ಲ. ಒಂದೊಂದು ಪಾತಿಯಲ್ಲಿ ನೀರು ಒಂದೊಂದು ಹದದಲ್ಲಿರುವುದನ್ನು ಸಾಲಾಗಿ ನೋಡಬಹುದು. ಎರಡನೆಯ ಭಯ ನಿಜವೇ. ತುಳಿದು ಗಟ್ಟಿ ಮಾಡಿದ ತಳ ಚಪ್ಪಲಿ ಕಾಲಿಗೆ ಹಾಳಾಗುತ್ತದೆ. ಹಾಗಾಗಿ ಪಾತಿಗೆ ಇಳಿಯದೆ, ಕೆಲಸ ಮಾಡುವವರ ಮುಖಕ್ಕೆ ಕ್ಯಾಮೆರಾ ಹಿಡಿಯದೆ ರಸ್ತೆಯ ಅಂಚಿನಿಂದಲೇ ನೋಡಿ, ಒಂದು ಚೀಲ ಕಲ್ಲುಪ್ಪು ಕೊಂಡು ಗೋಕರ್ಣಕ್ಕೆ ಮುಂದುವರಿಯುವುದು ಒಳ್ಳೆಯದು. ಮಾವಿನ ಮಿಡಿ ಹಾಕಲು ಆ ಉಪ್ಪೇ ಆಗಬೇಕೆನ್ನುವ ಮನೆಗಳು ಕುಮಟಾ, ಅಂಕೋಲಾ ಸೀಮೆಯಲ್ಲಿ ಈಗಲೂ ಇವೆ.