ಮೂರನೆಯ ಡಿಸ್ಕ್

ಸಂಜೆ ಏಳೂವರೆ. ಶಿವಮೊಗ್ಗದ ಆ ಫೋಟೊ ಸ್ಟುಡಿಯೊದ ಒಳಕೋಣೆಯಲ್ಲಿ ಮದುವೆ ಸುಗ್ಗಿ. ಹುಡುಗಿಯೊಬ್ಬಳು ಆಲ್ಬಂ ಹಾಳೆ ಜೋಡಿಸುತ್ತಿದ್ದಳು. ತೆರೆಯ ತುಂಬ ಧಾರೆಯ ಚಿತ್ರ, ಬೆರಳ ಸಂದಿಯಿಂದ ಇಳಿಯುವ ನೀರಿನ ಎಳೆ. ಪಕ್ಕದ ಕಂಪ್ಯೂಟರಿನಲ್ಲಿ ವಿಡಿಯೊ ರೆಂಡರ್ ಆಗುತ್ತಿತ್ತು. ಎರಡಕ್ಕೂ ಆಧಾರ ಮೇಜಿನ ಕೆಳಗಿನ ಕಪ್ಪು ಪೆಟ್ಟಿಗೆ. ಅದರಲ್ಲಿ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್‌ಗಳು. ಹನ್ನೊಂದು ವರ್ಷಗಳ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಅಲ್ಲೇ.

ಮೂರನೆಯ ಡಿಸ್ಕಿಗೆ ಆರೋಗ್ಯ ಕೆಟ್ಟಿತ್ತು. ಸ್ಮಾರ್ಟ್ ವರದಿಯಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು ಸೋಮವಾರ 8 ಇದ್ದವು, ಈಗ 56. ಪೆಟ್ಟಿಗೆಗೆ ಕಿವಿಕೊಟ್ಟರೆ ಉಳಿದವುಗಳ ಗುಂಯ್‌ಗುಡುವಿಕೆಯ ನಡುವೆ ಆಗೊಮ್ಮೆ ಈಗೊಮ್ಮೆ ಟಕ್, ಟಕ್ ಎಂಬ ತಡವರಿಕೆ.

‘ಎಲ್ಲ ಬಂದ್ ಮಾಡ್ಬೇಕಾ ಮಾರಾಯ್ರೆ? ಬೆಳಿಗ್ಗೆ ಆಲ್ಬಂ ಪ್ರಿಂಟಿಗೆ ಹೋಗ್ಬೇಕು’ ಎಂದರು ಮಾಲೀಕರು.

‘ಬೇಡ. ಅವ್ರ ಪಾಡಿಗೆ ಅವ್ರು ಕೆಲಸ ಮಾಡ್ಲಿ.’

ಹಾಗೆ ಹೇಳುವ ಧೈರ್ಯ ನನಗೆ ಬಂದದ್ದು ಬಿಟಿಆರ್‌ಎಫ್‌ಎಸ್‌ನಿಂದ. 2009ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ಈ ಫೈಲ್ ಸಿಸ್ಟಂ ಹಲವು ಡಿಸ್ಕುಗಳನ್ನು ಒಂದೇ ಕಣಜದಂತೆ ನೋಡಿಕೊಳ್ಳುತ್ತದೆ. ನಾವು ಆರಿಸಿಕೊಂಡಿದ್ದ ರೇಡ್-1 ಕ್ರಮದಲ್ಲಿ ಡಿಸ್ಕ್ ಎಷ್ಟೇ ಇರಲಿ, ಪ್ರತಿ ತುಣುಕಿಗೂ ಎರಡು ಪ್ರತಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ. ಜೊತೆಗೆ ಪ್ರತಿ ತುಣುಕಿಗೂ ಚೆಕ್‌ಸಮ್ ಇರುವುದರಿಂದ ಯಾವ ಪ್ರತಿ ಹಾಳಾಗಿದೆ ಎಂದು ಅದಕ್ಕೇ ತಿಳಿಯುತ್ತದೆ. ಮೊದಲೆಲ್ಲ ಹೊಸ ಡಿಸ್ಕ್ ಸೇರಿಸಿ, ಹಳೆಯದನ್ನು ತೆಗೆಯಲು ಹೇಳಿ, ದತ್ತಾಂಶವೆಲ್ಲ ಉಳಿದ ಡಿಸ್ಕುಗಳಿಗೆ ಗುಳೆ ಹೋಗುವವರೆಗೂ ಕಾಯಬೇಕಿತ್ತು. 2013ರ 3.8 ಕರ್ನಲ್ಲಿನಲ್ಲಿ ‘ರಿಪ್ಲೇಸ್’ ಆದೇಶ ಬಂತು. ಹಳೆಯದರ ಜಾಗಕ್ಕೆ ಹೊಸದು ನೇರವಾಗಿ ಬಂದು ಕೂರುತ್ತದೆ.

ಪೆಟ್ಟಿಗೆಯ ಐದನೆಯ ಖಾನೆ ಖಾಲಿಯಿತ್ತು. ಹೊಸ ಡಿಸ್ಕನ್ನು ತಳ್ಳಿದೆ. ಕಟಕ್ ಎಂದು ಕೂತಿತು. ನಂತರ ಮೊಬೈಲ್ ಟಾರ್ಚ್ ಹಿಡಿದು ನೆಲಕ್ಕೆ ಕೂತೆ. ಇಡೀ ಕೆಲಸದಲ್ಲಿ ನನಗೆ ಅತಿ ಭಯದ ಗಳಿಗೆ ಇದೇ. ಎಸ್‌ಡಿಬಿ, ಎಸ್‌ಡಿಸಿ ಎಂದು ಕಂಪ್ಯೂಟರ್ ಕೊಡುವ ಹೆಸರುಗಳು ಒಂದು ರೀಬೂಟಿಗೇ ಅದಲುಬದಲಾಗಬಹುದು. ಸ್ಟಿಕ್ಕರಿನ ಸೀರಿಯಲ್ ನಂಬರ್ ಬದಲಾಗದು. ನಾನು ಅಂಕಿ ಒಂದೊಂದಾಗಿ ಓದಿದೆ, ಮಾಲೀಕರು ತೆರೆಯಲ್ಲಿ ಬೆರಳಿಟ್ಟು ಸರಿನೋಡಿದರು. ಕೆಟ್ಟದ್ದು ಒಳಗಿರುವಾಗಲೇ ಕೈತಪ್ಪಿ ಒಳ್ಳೆಯದನ್ನು ಕಿತ್ತರೆ ಎರಡು ಪ್ರತಿಯೂ ಹೋಗುವ ಅಪಾಯ. ಹಾಗಾಗಿ ಎರಡು ಸಲ ಓದಿದೆವು.

ಆದೇಶ ಕೊಟ್ಟೆ. ಜೊತೆಗೊಂದು ‘-ಆರ್’: ಬೇರೆ ಕಡೆ ಒಳ್ಳೆಯ ಪ್ರತಿ ಇರುವಷ್ಟು ಕಾಲ ರೋಗಿಷ್ಟ ಡಿಸ್ಕನ್ನು ಓದಬೇಡ ಎಂಬ ಸೂಚನೆ. ಸಾಯುವವನ ಮೇಲೆ ಮೂಟೆ ಹೊರಿಸಬಾರದಲ್ಲ.

ಶೇ 0.1. ಹೊಸ ಖಾನೆಯ ಹಸಿರು ದೀಪ ಬಿಡದೆ ಮಿಟುಕತೊಡಗಿತು. ತುಂಬಬೇಕಾದದ್ದು 2.9 ಟಿಬಿ, ಒಂದೊಂದು ಶೇಕಡಾ ಏರಲು ನಾಲ್ಕೈದು ನಿಮಿಷ. ಹುಡುಗಿ ಹಾಳೆ ಉಳಿಸಿದಾಗಲೆಲ್ಲ, ಮೂರನೆಯ ಡಿಸ್ಕಿಗೆ ಹೋಗಬೇಕಾದ ಬರಹ ಹೊಸದಕ್ಕೂ ಹೋಗುತ್ತಿತ್ತು. ಅವಳಿಗೆ ಗೊತ್ತಾದದ್ದು ಒಂದೇ: ‘ಸ್ವಲ್ಪ ಸ್ಲೋ ಆಗಿದೆ ಸರ್.’

ಒಂಬತ್ತೂವರೆಗೆ ಕರೆಂಟ್ ಹೋಯಿತು. ಕತ್ತಲಲ್ಲಿ ಯುಪಿಎಸ್ ಪೀಂ ಪೀಂ ಎಂದಿತು. ಮಾಲೀಕರು ನನ್ನ ಮುಖ ನೋಡಿದರು. ಯಂತ್ರ ಆರಿದರೂ ಮುಂದಿನ ಸಲ ಮೌಂಟ್ ಆದಾಗ ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಕರೆಂಟ್ ಬರುವ ತನಕ ಇಬ್ಬರೂ ಮಾತಾಡಲಿಲ್ಲ.

ಮೂರು ಗಂಟೆಯ ಹೊತ್ತಿಗೆ ತೆರೆಯಲ್ಲಿ ಒಂದು ಸಾಲು: ಮುಗಿಯಿತು, ಬರೆಯುವಲ್ಲಿ ತಪ್ಪು 0, ಸರಿಪಡಿಸಲಾಗದ ಓದಿನ ತಪ್ಪು 0. ಹೊಸ ಡಿಸ್ಕ್ ಹಳೆಯದರ 3 ಎಂಬ ನಂಬರನ್ನೇ ಹೊತ್ತು ಕೂತಿತ್ತು. ಹಳೆಯದರ ತಿರುಗಾಟ ನಿಲ್ಲಿಸಿ, ಮತ್ತೊಮ್ಮೆ ಸೀರಿಯಲ್ ಓದಿ ಹೊರಗೆಳೆದೆ. ಆಗತಾನೇ ಬಾಣಲೆಯಿಂದ ತೆಗೆದ ಹಪ್ಪಳದಷ್ಟಲ್ಲ, ಮಲಗಿದ್ದ ಬೆಕ್ಕಿನ ಮೈಯಷ್ಟು ಬಿಸಿ. ಮಾಲೀಕರು ಮಾರ್ಕರ್ ತಂದು ಅದರ ಬೆನ್ನ ಮೇಲೆ ದೊಡ್ಡದಾಗಿ ‘ಕೆಟ್ಟಿದೆ’ ಎಂದು ಬರೆದರು, ದಿನಾಂಕದ ಸಮೇತ.

ಬೆಳಿಗ್ಗೆ ಹುಡುಗಿ ಬಂದು ಹತ್ತೊಂಬತ್ತನೆಯ ಹಾಳೆ ತೆರೆದಳು. ‘ಡಿಸ್ಕ್ ಯಾವಾಗ ಬದಲಾಯಿಸ್ತೀರಿ ಸರ್? ಹೇಳಿ, ಸೇವ್ ಮಾಡ್ಕೋತೀನಿ’ ಎಂದಳು.