ಶಾಪದ ಭಯವಿಲ್ಲದ ಶ್ರದ್ಧೆ

ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ದೇವರನ್ನು ಒಪ್ಪಿ ಬಾಳಿದವರಲ್ಲ. ಆದರೂ ಪುರಾಣದ ಕಥೆಗಳನ್ನೇ ಆಡುವ ಯಕ್ಷಗಾನಕ್ಕೆ ದಶಕಗಳನ್ನು ಕೊಟ್ಟರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, 87ರ ಇಳಿವಯಸ್ಸಿನಲ್ಲಿ, ಲೋಕಸಭೆ ಚುನಾವಣೆಗೆ ನಿಂತರು. ಪುಣ್ಯದ ಆಸೆ, ಪರಲೋಕದ ಅಂಜಿಕೆ ಎರಡೂ ಇಲ್ಲದವರನ್ನು ಇಷ್ಟು ದೂರ ನಡೆಸಿದ್ದು ಶ್ರದ್ಧೆಯಲ್ಲದೆ ಮತ್ತೇನು? ಅವರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಅಜ್ಜಿ ಕೈಗೆ ಸಿಕ್ಕ ವಸ್ತುವಿನ ಗತಕಾಲವನ್ನೇ ಕಾಣುತ್ತಾಳೆ. ಇದೂ ಅತಿಮಾನುಷವೇ ತಾನೆ ಎಂದು ಕೇಳಬಹುದು. ಆದರೆ ಅವಳ ಕಣ್ಣಿಗೆ ಬೀಳುವವರು ಹಸಿವು, ಕಾಮ, ಸಾವುಗಳ ನಡುವೆ ತಮಗೆ ಬೇಕಾದ ದೇವರನ್ನು ಕಟ್ಟಿಕೊಂಡ ಮನುಷ್ಯರು. ಅಲೌಕಿಕವನ್ನು ಬಿಟ್ಟರೂ ಪೂಜ್ಯಭಾವ ಉಳಿಯುತ್ತದೆ ಎಂಬುದಕ್ಕೆ ಈ ಬದುಕು ಮತ್ತು ಬರಹ ಎರಡೂ ಸಾಕ್ಷಿ.

ಕಾರಂತರಂಥವರು ಅಪರೂಪ, ಜನಸಾಮಾನ್ಯರನ್ನು ಹಿಡಿದಿಡಲು ಭಯವೇ ಬೇಕು ಎಂಬ ಆಕ್ಷೇಪ ಹಗುರವಾದುದಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಗದ್ದೆಬಯಲುಗಳ ನಡುವೆ ನಾಗನಿಗೆಂದು ಬಿಟ್ಟ ಮರಗಿಡಗಳ ತೋಪು, ಅಂದರೆ ನಾಗಬನಗಳು, ಉಳಿದದ್ದು, ಕೊಂಬೆ ಕಡಿದರೆ ನಾಗದೋಷ ತಟ್ಟೀತು ಎಂಬ ಅಂಜಿಕೆಯಿಂದಲೂ ಹೌದು. ಇಲಿ ತಿನ್ನುವ ಹಾವಿಗೆ ನೆಲೆ, ಹಕ್ಕಿಗೆ ಹಣ್ಣು, ಮಳೆನೀರು ಇಂಗಲು ನೆಲ, ಎಲ್ಲವನ್ನೂ ಆ ಅಂಜಿಕೆ ಕಾಯಿತು. ಆದರೆ ಈಚಿನ ದಶಕಗಳಲ್ಲಿ ಕರಾವಳಿಯ ಎಷ್ಟೋ ಬನಗಳ ಮರ-ಬಳ್ಳಿ ತೆಗೆಸಿ ಕಾಂಕ್ರೀಟ್ ಕಟ್ಟೆ ಕಟ್ಟಿಸಿದವರು ನಾಸ್ತಿಕರೇನಲ್ಲ. ಜ್ಯೋತಿಷಿಯಲ್ಲಿ ಪ್ರಶ್ನೆ ಇರಿಸಿ, ಪ್ರಾಯಶ್ಚಿತ್ತ ಮಾಡಿ, ನಾಗನಿಗೆ ಆಶ್ಲೇಷಾ ಬಲಿ ನಡೆಸಿ, ನಾಗಪ್ರತಿಷ್ಠೆ ಮಾಡಿಸಿದ ಭಕ್ತರೇ ಅವರು. ದೋಷಕ್ಕೆ ಪರಿಹಾರವಿದೆ, ಪರಿಹಾರ ಮುಗಿದ ಮೇಲೆ ಭಯ ಕಲ್ಲನ್ನು ಕಾಯುತ್ತದೆ, ಕಾಡನ್ನು ಕೈಬಿಡುತ್ತದೆ. ಕಡಿದ ಮರದ ಜಾಗದಲ್ಲಿ ಇಂಗದೆ ಹರಿದುಹೋದ ನೀರನ್ನು ಮಾತ್ರ ಯಾವ ಬಲಿಯೂ ಮರಳಿ ತಾರದು.

ಹಾಗಿದ್ದರೆ ಪರಿಸರ ಕಾಳಜಿ ಎಂದರೆ ಸಾಲದೇ? ಸಾಲದು. ಬರೀ ಲಾಭ-ನಷ್ಟ ಎಣಿಸಿದರೆ, ಹೆದ್ದಾರಿ ಬದಿಯ ಸೆಂಟ್ಸ್ ಜಾಗದ ಬೆಲೆಯ ಮುಂದೆ ಬನ ಸೋಲುತ್ತದೆ. ಇದು ಮಾರಾಟಕ್ಕಿಲ್ಲ ಎಂದು ಊರೇ ಸೇರಿ ಒಪ್ಪುವುದು, ಆ ಒಪ್ಪಂದವನ್ನು ವರ್ಷ ವರ್ಷ ನಾಗರಪಂಚಮಿಯಂದು ಕೂಡಿ ನೆನೆಯುವುದು ಧರ್ಮದ ಕೆಲಸ. ಆ ಧರ್ಮಕ್ಕೆ ಅಲೌಕಿಕವೇ ಬೇಕೆಂದಿಲ್ಲ. ಹದಿನೇಳನೇ ಶತಮಾನದ ತತ್ವಜ್ಞಾನಿ ಸ್ಪಿನೋಜಾ ದೇವರನ್ನೂ ಪ್ರಕೃತಿಯನ್ನೂ ಬೇರೆಯೆಂದು ಎಣಿಸಲಿಲ್ಲ. ಅಮೆರಿಕದ ಜೀವವಿಜ್ಞಾನಿ ಅರ್ಸುಲಾ ಗುಡ್‌ಇನಫ್ ‘ದಿ ಸೇಕ್ರೆಡ್ ಡೆಪ್ತ್ಸ್ ಆಫ್ ನೇಚರ್’ (1998) ಪುಸ್ತಕದಲ್ಲಿ ಜೀವಕೋಶದ ವಿಜ್ಞಾನದಿಂದಲೇ ಭಕ್ತಿಗೆ ದಾರಿ ಹುಡುಕಿದರು. ತಿಳಿದಷ್ಟೂ ಬೆರಗು ಹೆಚ್ಚುತ್ತದೆ ಎಂಬುದು ಈ ಹಾದಿಯ ಬಲ.

ಅದಕ್ಕೊಂದು ಮಿತಿಯೂ ಇದೆ. ಕಾಯಿಲೆಯ ಮಗುವಿಗಾಗಿ ಕೊಲ್ಲೂರಿಗೆ ಹರಕೆ ಹೊತ್ತ ತಾಯಿಗೆ ಸಿಗುವ ಭರವಸೆಯನ್ನು ಪ್ರಕೃತಿ ಕೊಡಲಾರದು. ಕೊಡುತ್ತದೆಂದು ಹೇಳುವುದು ಇನ್ನೊಂದು ಮೂಢನಂಬಿಕೆಯಾದೀತು. ಆ ತಾಯಿಯ ಹರಕೆಯನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಬನದ ವಿಷಯದಲ್ಲಿ ನಂಬುವವರೂ ನಂಬದವರೂ ಕೂಡಿ ಒಂದು ತೀರ್ಮಾನಕ್ಕೆ ಬರಬಹುದು: ಇನ್ನು ಮುಂದೆ ಜೀರ್ಣೋದ್ಧಾರದ ಚಂದಾ ಎತ್ತುವಾಗ, ಸಿಮೆಂಟಿನ ಲೆಕ್ಕಕ್ಕಿಂತ ಮೊದಲು ಸಸಿಗಳ ಲೆಕ್ಕ ಬರೆಯೋಣ.